ಪುಟ್ಟಿ ಮೆತ್ತಿದ ಹುಡುಗನ ಕಾಳಗ

ಮಕ್ಕಳ ಕಾಳಗದ ಕಥೆಗಳಲ್ಲಿ ಗೆಲುವು ಸಾಮಾನ್ಯವಾಗಿ ಎದೆಯೊಳಗಿನಿಂದ ಬರುತ್ತದೆ. ನಾಯಕ ಹಲ್ಲು ಕಚ್ಚುತ್ತಾನೆ, ಗೆಳೆಯರ ಮುಖ ನೆನೆಯುತ್ತಾನೆ, ಎಲ್ಲಿಂದಲೋ ಶಕ್ತಿ ಉಕ್ಕುತ್ತದೆ, ಎದುರಾಳಿ ಮಣ್ಣು ಮುಕ್ಕುತ್ತಾನೆ. 2000ದ ದಶಕದಲ್ಲಿ ಶಾಲೆಗೆ ಹೋದ ನಮ್ಮ ಕಡೆಯ ಮಕ್ಕಳು ಟಿವಿಯಲ್ಲಿ ಕಂಡ ಬೇಬ್ಲೇಡ್ ಕೂಡ ಹೀಗೆಯೇ ಇತ್ತು. ಗಿರಗಿರನೆ ತಿರುಗುವ ಬುಗುರಿಯೊಳಗಿಂದ ದೈವದಂಥ ಪ್ರಾಣಿಯೊಂದು ಎದ್ದು ಬಂದು ಕೆಲಸ ಮುಗಿಸುತ್ತಿತ್ತು. ನನಗೆ ಬಹಳ ಪ್ರಿಯವಾದ ಜಪಾನಿ ಕಾಮಿಕ್ಸ್ ಒಂದು ಬೇರೆ ದಾರಿ ಹಿಡಿಯುತ್ತದೆ. ಅದರಲ್ಲಿ ಗೆಲುವು ಸೋಲುಗಳ ಮುಕ್ಕಾಲು ಪಾಲು ಹಿಂದಿನ ರಾತ್ರಿಯೇ, ಮೇಜಿನ ಮೇಲೆ, ಗೋಂದು ಉಪ್ಪುಕಾಗದಗಳ ನಡುವೆ ತೀರ್ಮಾನವಾಗಿರುತ್ತದೆ.

ಅದರ ಹೆಸರು ಪ್ಲಾಮೋ ಕ್ಯೋಶಿರೋ. ಕೊದಾನ್ಶಾ ಪ್ರಕಾಶನದ ಮಕ್ಕಳ ಮಾಸಿಕ ಕಾಮಿಕ್ ಬೊಂಬೊನ್‌ನಲ್ಲಿ 1982ರಿಂದ 1986ರವರೆಗೆ ಧಾರಾವಾಹಿಯಾಗಿ ಬಂತು. ಮೂಲ ಕಲ್ಪನೆ ಕ್ರಾಫ್ಟ್ ದಾನ್ ಎಂಬ ತಂಡದ್ದು, ಚಿತ್ರ ಯಮಾತೊ ಕೋಯಿಚಿ ಅವರದು. ಕ್ಯೋದಾ ಶಿರೋ ಎಂಬ ಶಾಲಾ ಹುಡುಗನಿಗೆ ಪ್ಲಾಸ್ಟಿಕ್ ಮಾದರಿಗಳ ಹುಚ್ಚು. ಆ ಹುಚ್ಚಿನಿಂದಲೇ ಅವನಿಗೆ ಕ್ಯೋಶಿರೋ ಎಂಬ ಅಡ್ಡಹೆಸರು; ಇಲ್ಲಿ ಕ್ಯೋ ಎಂದರೆ ಹುಚ್ಚು. ಅವನು ಎಡತಾಕುವ ಮಾದರಿ ಅಂಗಡಿಯಲ್ಲಿ ವಿಚಿತ್ರ ಯಂತ್ರವೊಂದಿದೆ. ಕೈಯಾರೆ ಕಟ್ಟಿದ ಯಂತ್ರಮಾನವನನ್ನು ಅದರಲ್ಲಿಟ್ಟರೆ, ಕಟ್ಟಿದವನೇ ಅದರ ಚಾಲಕನಾಗಿ ಗಣಕಯಂತ್ರ ಸೃಷ್ಟಿಸಿದ ರಣರಂಗಕ್ಕೆ ಇಳಿಯಬಹುದು. ಯಂತ್ರದ ನಿಯಮ ಮಾತ್ರ ನಿಷ್ಠುರವಾದದ್ದು. ಮಾದರಿ ಹೇಗಿದೆಯೋ ಯೋಧನೂ ಹಾಗೆಯೇ. ಗೋಂದು ಸರಿಯಾಗಿ ಹಿಡಿಯದ ತೋಳು ರಣರಂಗದಲ್ಲೂ ದುರ್ಬಲ, ಮಡಚದ ಮೊಣಕಾಲು ಅಲ್ಲೂ ಮಡಚದು. ಒಳಗೆ ಏನು ತುಂಬಿದ್ದೀಯೆ, ಎಲ್ಲಿ ಕೊರೆದಿದ್ದೀಯೆ, ಎಷ್ಟು ಭಾರ ಹೇರಿದ್ದೀಯೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಈ ಕಥೆ ಶುರುವಾದ ಹೊತ್ತಿಗೆ ಜಪಾನಿನ ಮನೆಗಳಿಗೆ ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಎಂಬ ಆಟದ ಯಂತ್ರ ಇನ್ನೂ ಕಾಲಿಟ್ಟಿರಲಿಲ್ಲ. ಅದು ಬಂದದ್ದು 1983ರ ಜುಲೈಯಲ್ಲಿ. ಪರದೆಯ ಮೇಲಿನ ಆಟವೆಂದರೆ ಹೆಚ್ಚಾಗಿ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವಂಥದ್ದು, ಅದರಲ್ಲಿ ಕಾಣುತ್ತಿದ್ದದ್ದು ಚೌಕ ಚೌಕದ ಚುಕ್ಕಿಗಳು. ಅಂಥ ಕಾಲದಲ್ಲಿ, ಕೈಯಲ್ಲಿ ಮಾಡಿದ ವಸ್ತುವನ್ನು ಗಣಕದೊಳಗೆ ಇಳಿಸಿ, ತಾನೂ ಅದರ ಎದೆಗೂಡಿನಲ್ಲಿ ಕುಳಿತು ಹೋರಾಡುವುದನ್ನು ಕಲ್ಪಿಸಿಕೊಂಡರಲ್ಲ, ಆ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

ಹಿನ್ನೆಲೆ ಹೇಳದಿದ್ದರೆ ಈ ಕಾಮಿಕ್ಸಿನ ಬಿಸಿ ತಟ್ಟುವುದಿಲ್ಲ. ತೊಮಿನೊ ಯೊಶಿಯುಕಿ ನಿರ್ದೇಶಿಸಿದ ಮೊಬೈಲ್ ಸೂಟ್ ಗಂಡಮ್ ಎಂಬ ಟಿವಿ ಧಾರಾವಾಹಿ 1979ರ ಏಪ್ರಿಲ್‌ನಲ್ಲಿ ಶುರುವಾಯಿತು. ನೋಡುವವರು ಕಡಿಮೆ, ಪ್ರಾಯೋಜಕರ ಆಟಿಕೆಗಳಿಗೂ ಬೇಡಿಕೆ ಸಾಲದು. ಮೊದಲು ಅಂದುಕೊಂಡಷ್ಟು ಕಂತುಗಳನ್ನು ತೋರಿಸದೆ 43ಕ್ಕೇ ನಿಲ್ಲಿಸಿ, 1980ರ ಜನವರಿಯಲ್ಲಿ ಮುಗಿಸಿಬಿಟ್ಟರು. ಅದೇ ವರ್ಷದ ಜುಲೈಯಲ್ಲಿ ಬಂದಾಯ್ ಸಂಸ್ಥೆ ಆ ಕಥೆಯ ಯಂತ್ರಮಾನವನ ಪ್ಲಾಸ್ಟಿಕ್ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅಳತೆ 144ರಲ್ಲಿ ಒಂದು ಪಾಲು, ಬೆಲೆ 300 ಯೆನ್. ಕಥೆಯಲ್ಲಿ 18 ಮೀಟರ್ ಎತ್ತರದ ಗಂಡಮ್ ಇಲ್ಲಿ 12.5 ಸೆಂಟಿಮೀಟರ್‌ಗೆ ಇಳಿದು ಹುಡುಗರ ಅಂಗೈಯಲ್ಲಿ ನಿಂತಿತು. ಮರುಪ್ರಸಾರ, ಮುಂದಿನ ಎರಡು ವರ್ಷಗಳಲ್ಲಿ ಬಂದ ಮೂರು ಚಲನಚಿತ್ರಗಳು, ಎಲ್ಲ ಸೇರಿ ಗನ್‌ಪ್ಲಾ ಎಂಬ ಹೆಸರಿನ ಈ ಮಾದರಿಗಳಿಗೆ ಜನ ಮುಗಿಬಿದ್ದರು. ಅಂಗಡಿ ತೆರೆಯುವ ಮೊದಲೇ ಸಾಲು ನಿಲ್ಲುತ್ತಿತ್ತು. 1982ರ ಜನವರಿಯಲ್ಲಿ ಚಿಬಾ ಪ್ರಾಂತ್ಯದ ದೊಡ್ಡ ಅಂಗಡಿಯೊಂದರಲ್ಲಿ ಗನ್‌ಪ್ಲಾಕ್ಕೆಂದು ನುಗ್ಗಿದ ಮಕ್ಕಳು ಎಸ್ಕಲೇಟರ್ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡರು. ಪ್ಲಾಮೋ ಕ್ಯೋಶಿರೋ ಹುಟ್ಟಿದ್ದು ಸರಿಯಾಗಿ ಈ ನೂಕುನುಗ್ಗಲಿನ ನಡುವೆ.

ಇಷ್ಟಕ್ಕೂ ಆ ಪೆಟ್ಟಿಗೆಯೊಳಗೆ ಏನಿತ್ತು? ಒಂದೇ ಬಣ್ಣದಲ್ಲಿ ಅಚ್ಚಾದ ಒಂದಿಷ್ಟು ಬಿಡಿಭಾಗಗಳು, ಜತೆಗೆ ಗೋಂದು. ಟಿವಿಯಲ್ಲಿ ಕಂಡ ಕೆಂಪು, ನೀಲಿ, ಹಳದಿಗಳನ್ನು ತಾನೇ ಬಳಿಯಬೇಕು. ಮೊದಲ ಗಂಡಮ್ ಮಾದರಿಯ ಕಾಲು ಸೊಂಟದ ಬಳಿ ಹಿಂದೆ ಮುಂದೆ ತೂಗಾಡುತ್ತಿತ್ತು ಅಷ್ಟೆ, ಅಗಲಿಸಿ ನಿಲ್ಲಿಸಲು ಬರುತ್ತಿರಲಿಲ್ಲ. ಮೊಣಕಾಲು ತುಸುವೇ ಬಾಗಿ ಮುಂದೆ ಹಟ ಹಿಡಿಯುತ್ತಿತ್ತು. ಕವಾಯತಿಗೆ ನಿಂತ ಪೊಲೀಸಿನವರ ಹಾಗೆ ಸೆಟೆದು ನಿಲ್ಲುವ ಈ ಗೊಂಬೆಗೂ ಪರದೆಯ ಮೇಲೆ ಹಾರಿ, ಬಾಗಿ, ಕಿರಣಖಡ್ಗ ಬೀಸುವ ಯೋಧನಿಗೂ ನಡುವೆ ದೊಡ್ಡ ಅಂತರವಿತ್ತು. ಆ ಅಂತರವನ್ನು ತುಂಬಬೇಕಾದದ್ದು ಕೊಂಡವನ ಕೈ. ಕ್ಯೋಶಿರೋನ ಅಷ್ಟೂ ಕಥೆಗಳು ಈ ಅಂತರದಲ್ಲಿ ಬೆಳೆದವು ಎಂದು ನನಗೆ ಅನಿಸುತ್ತದೆ. ಮಾದರಿಯಲ್ಲಿ ಕೊರತೆ ಇದ್ದದ್ದರಿಂದಲೇ ಹುಡುಗನಿಗೆ ಗರಗಸ ಹಿಡಿಯುವ ಕಾರಣ ಸಿಕ್ಕಿತು.

ಈ ಕೆಲಸವನ್ನು ಸ್ವತಃ ಮಾಡಿದವರಿಗೆ ಆ ಪುಟಗಳು ಬೇರೆಯೇ ರೀತಿಯಲ್ಲಿ ಓದಿಸಿಕೊಳ್ಳುತ್ತವೆ. ಹಳೆಯ ಮಾದರಿಯ ಮುಂಗೈಯನ್ನೇ ತೆಗೆದುಕೊಳ್ಳಿ. ಅದು ಎರಡು ಹೋಳುಗಳಾಗಿ ಬರುತ್ತದೆ. ಸುಮ್ಮನೆ ಅಂಟಿಸಿದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಗೆರೆಯೊಂದು ಉಳಿದು, ಇದು ಆಟಿಕೆ ಎಂದು ಸಾರುತ್ತದೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಗೋಂದು ನಿಜವಾಗಿ ಅಂಟಲ್ಲ, ದ್ರಾವಕ. ಅದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಅಂಚಿಗೆ ಧಾರಾಳವಾಗಿ ಹಚ್ಚಿ, ಒಂದೆರಡು ಗಳಿಗೆ ತಡೆದು, ಹೋಳುಗಳನ್ನು ಒತ್ತಿ ಹಿಡಿದರೆ ಕರಗಿದ ಪ್ಲಾಸ್ಟಿಕ್ ಸಂದಿಯಿಂದ ಸಣ್ಣ ಏಣಿನಂತೆ ಉಬ್ಬಿ ಬರುತ್ತದೆ. ಆಗ ಮುಟ್ಟಬಾರದು. ಅದು ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಆಮೇಲೆ ಚಾಕುವಿನ ಅಲಗಿನಿಂದ ಆ ಏಣನ್ನು ಹೆರೆದು, 400ನೇ ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 600, 800, 1000 ಎಂದು ಇನ್ನೂ ನಯವಾದವುಗಳಿಗೆ ಏರುತ್ತ ನೀರು ಹಾಕಿ ಉಜ್ಜಬೇಕು. ಕೊನೆಗೆ ಕಣ್ಣು ಮುಚ್ಚಿ ಉಗುರನ್ನು ಅಡ್ಡಲಾಗಿ ಎಳೆಯುತ್ತೇನೆ. ಉಗುರು ಎಲ್ಲೂ ಎಡವದಿದ್ದರೆ ಎರಡು ಹೋಳು ಒಂದು ಕೈಯಾಗಿದೆ ಎಂದು ಅರ್ಥ. ಕಣ್ಣಿಗೆ ಕಾಣದ ಸಂದಿ ಉಗುರಿಗೆ ಸಿಗುತ್ತದೆ, ಉಗುರಿಗೂ ಸಿಗದ್ದು ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಬಣ್ಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೆಂಗಳೂರಿನ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಗಾಳಿಯ ತೇವಕ್ಕೆ ಮೇಲ್ಮೈ ಬಿಳಿಚಿಕೊಂಡು ಮಂಜು ಕವಿದಂತೆ ಆಗುತ್ತದೆ. ಜಪಾನಿನಲ್ಲೂ ಜೂನ್ ಜುಲೈಯ ಜಡಿಮಳೆಯಲ್ಲಿ ಮಾದರಿಕಾರರದು ಇದೇ ಪಾಡು. ಅಲ್ಲಿನವರೂ ಇಲ್ಲಿನವರೂ ಒಂದೇ ಕಾರಣಕ್ಕೆ ಆಕಾಶ ನೋಡುತ್ತ ಕೂರುತ್ತೇವೆ ಎಂಬುದು ನನಗೆ ಖುಷಿ ಕೊಡುವ ಸಂಗತಿ.

ನಾನು ಇದನ್ನು ಓದಿದ್ದು ಜಪಾನಿ ಭಾಷೆಯಲ್ಲೇ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು. ಮಕ್ಕಳ ಪತ್ರಿಕೆಯಾದ್ದರಿಂದ ಕಾಂಜಿ ಎಂಬ ಚೀನೀ ಮೂಲದ ಪ್ರತಿ ಲಿಪಿಚಿಹ್ನೆಯ ಪಕ್ಕದಲ್ಲೂ ಸಣ್ಣ ಅಕ್ಷರಗಳಲ್ಲಿ ಉಚ್ಚಾರಣೆ ಕೊಟ್ಟಿರುತ್ತಾರೆ. ಭಾಷೆ ಕಲಿಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕಥೆಯ ಸಂಭಾಷಣೆ ಸುಲಭ, ಹುಡುಗರು ಕೂಗಾಡುವುದೇ ಹೆಚ್ಚು. ತೊಡಕಾಗುವುದು ಉಪಕರಣಗಳ ಹೆಸರುಗಳು. ಆದರೆ ಅವು ಮೇಜಿನ ಮೇಲೆ ನನ್ನ ಕಣ್ಣೆದುರೇ ಇದ್ದವು. ಪ್ಲಾಸ್ಟಿಕ್ ಹಾಳೆ, ಸಂದಿಗೆ ಮೆತ್ತಲು ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ, ಮೇಣದಬತ್ತಿಯ ಉರಿಯಲ್ಲಿ ಕಾಯಿಸಿ ದಾರದಂತೆ ಎಳೆದ ಪ್ಲಾಸ್ಟಿಕ್ ಕಡ್ಡಿ. ಈ ಕೊನೆಯದು ಎಷ್ಟು ಸುಂದರವಾದ ಉಪಾಯ! ಬಿಡಿಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಚೌಕಟ್ಟಿನ ಕಡ್ಡಿಯನ್ನು ಉರಿಯ ಮೇಲೆ ತಿರುಗಿಸುತ್ತ ಮೆತ್ತಗಾಗಿಸಿ, ಎರಡೂ ತುದಿ ಹಿಡಿದು ಒಂದೇ ಸಮನೆ ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ಯಂತ್ರಮಾನವನ ತಲೆಗೆ ಆಂಟೆನಾ ಸಿದ್ಧ. ಬಿಸಾಡುವ ವಸ್ತುವಿನಿಂದ, ಅಂಗಡಿಯಲ್ಲಿ ಕೊಳ್ಳಲಾಗದ ನಯ.

ಕಾಮಿಕ್ಸಿಗೆ ಈ ಕೈಕೆಲಸದ ಜ್ಞಾನ ಬಂದದ್ದು ಎಲ್ಲಿಂದ? 1981ರಲ್ಲಿ ಹಾಬಿ ಜಪಾನ್ ಪತ್ರಿಕೆ ಹೌ ಟು ಬಿಲ್ಡ್ ಗಂಡಮ್ ಎಂಬ ವಿಶೇಷ ಸಂಚಿಕೆ ತಂದಿತ್ತು. ಅದರಲ್ಲಿ ಸ್ಟ್ರೀಮ್ ಬೇಸ್ ಎಂಬ ಯುವ ಮಾದರಿಕಾರರ ಗುಂಪು, ಯಂತ್ರಮಾನವರನ್ನು ಯುದ್ಧಟ್ಯಾಂಕ್ ವಿಮಾನಗಳ ಗಾಂಭೀರ್ಯದಲ್ಲಿ ಕಟ್ಟಿ ತೋರಿಸಿತು. ಕೀಲು ಬದಲಿಸಿ, ಮೈಮೇಲೆ ಧೂಳು ತುಕ್ಕು ಬಳಿದು, ಇವು ನಿಜವಾಗಿ ರಣರಂಗದಿಂದ ಬಂದವೇನೋ ಎನ್ನಿಸುವಂತೆ ಮಾಡಿದರು. ಆ ಗುಂಪಿನವರು ಪ್ಲಾಮೋ ಕ್ಯೋಶಿರೋದ ಒಳಗೇ ಪಾತ್ರಗಳಾಗಿ ಬರುತ್ತಾರೆ. ಓದುವ ಹುಡುಗನಿಗೆ ಇದರಿಂದ ಆಗುವ ರೋಮಾಂಚನ ಊಹಿಸಬಹುದು. ಪತ್ರಿಕೆಯಲ್ಲಿ ಕೆಲಸ ಕಂಡ ಅಣ್ಣಂದಿರು ಕಥೆಯಲ್ಲಿ ಕ್ಯೋಶಿರೋನ ಎದುರು ನಿಲ್ಲುತ್ತಾರೆ. ಕಲ್ಪಿತ ಹುಡುಗನಿಗೂ ನಿಜವಾದ ಮಾದರಿಕಾರನಿಗೂ ನಡುವೆ ಗೋಡೆಯೇ ಇಲ್ಲ. ಕಥೆಯಲ್ಲಿ ಕಂಡ ಉಪಾಯವನ್ನು ಅಂದು ಸಂಜೆಯೇ ಮನೆಯಲ್ಲಿ ಮಾಡಿ ನೋಡಬಹುದು. ಬುಗುರಿಯೊಳಗಿನ ಪ್ರಾಣಿಯನ್ನು ಹಾಗೆ ಮನೆಗೆ ಕರೆಸಿಕೊಳ್ಳಲಾದೀತೆ?

ಇದೆಲ್ಲ ಮಾರಾಟದ ತಂತ್ರ ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ಪತ್ರಿಕೆಗೆ ಓದುಗರು ಬೇಕು, ಆಟಿಕೆ ಸಂಸ್ಥೆಗೆ ಗಿರಾಕಿಗಳು ಬೇಕು, ಕಾಮಿಕ್ಸ್ ಎರಡನ್ನೂ ಒದಗಿಸಿತು. ಇದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಬರೀ ಮಾರುವುದಷ್ಟೇ ಗುರಿಯಾಗಿದ್ದರೆ ಹೊಸ ಪೆಟ್ಟಿಗೆಯನ್ನು ಹೊಗಳಿದರೆ ಸಾಕಿತ್ತು. ಈ ಕಾಮಿಕ್ಸ್ ಪುಟ ಪುಟದಲ್ಲೂ ಪೆಟ್ಟಿಗೆಯಲ್ಲಿದ್ದದ್ದು ಸಾಲದು ಎನ್ನುತ್ತದೆ. ಕತ್ತರಿಸು, ಕೊರೆ, ಒಂದರ ಕಾಲನ್ನು ಇನ್ನೊಂದಕ್ಕೆ ಹಾಕು ಎನ್ನುತ್ತದೆ. ಕೊಂಡ ವಸ್ತುವಿನ ಮುಂದೆ ಮಗು ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂಬ ಈ ಸಲುಗೆಯನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ದುಬಾರಿ ಆಟಿಕೆ ಷೋಕೇಸಿನ ಗಾಜಿನ ಹಿಂದೆಯೇ ಮುದಿಯಾಗುತ್ತದೆ. ಅದನ್ನು ಮುಟ್ಟುವುದೇ ಅಪರಾಧವಾಗಿರುವಾಗ ಗರಗಸ ಇಡುವ ಮಾತೆಲ್ಲಿ?

ಆ ಸಲುಗೆ ಎಲ್ಲಿಯವರೆಗೆ ಹೋಯಿತು ಎಂಬುದಕ್ಕೆ ಪರ್ಫೆಕ್ಟ್ ಗಂಡಮ್ ಸಾಕ್ಷಿ. ಟಿವಿ ಧಾರಾವಾಹಿಯಲ್ಲಿ ಅದು ಇಲ್ಲವೇ ಇಲ್ಲ. ಕ್ಯೋಶಿರೋ ಕಟ್ಟಿದ್ದು ಅದು. ಮಾಮೂಲಿ ಗಂಡಮ್ ಮೈಮೇಲೆ ದಪ್ಪ ಕವಚ, ಭುಜದ ಮೇಲೆ ಫಿರಂಗಿ, ಬಲಗೈಗೆ ಜೋಡಿ ನಳಿಗೆಯ ಕಿರಣಬಂದೂಕು. ಕವಚ ಕಳಚಿದರೆ ಒಳಗಿನಿಂದ ಹಗುರ ಮೈಯ ಗಂಡಮ್ ಹೊರಬರುತ್ತದೆ. ಕಾಮಿಕ್ಸಿನ ನಿಯಮದಲ್ಲಿ ಭಾರಕ್ಕೆ ಬೆಲೆ ತೆರಬೇಕಲ್ಲ, ಹಾಗಾಗಿ ಕವಚ ತೊಡುವುದರಷ್ಟೇ ಅದನ್ನು ಯಾವಾಗ ಕಳಚಬೇಕು ಎಂಬುದೂ ಯುದ್ಧನೀತಿಯ ಪ್ರಶ್ನೆಯಾಗುತ್ತದೆ. 1984ರಲ್ಲಿ ಬಂದಾಯ್ ಈ ಪರ್ಫೆಕ್ಟ್ ಗಂಡಮ್‌ನ್ನೇ ಮಾದರಿಯಾಗಿ ತಯಾರಿಸಿ ಮಾರಿತು. ಕಥೆಯ ಹುಡುಗನೊಬ್ಬ ಕಾರ್ಖಾನೆಯ ಮಾಲನ್ನು ತಿದ್ದಿದ, ಕಾರ್ಖಾನೆ ಅವನ ತಿದ್ದುಪಡಿಯನ್ನು ಒಪ್ಪಿಕೊಂಡು ಅಚ್ಚು ಹೊಯ್ದಿತು. ನನಗೆ ತಿಳಿದಂತೆ ಇಂಥ ಗೌರವ ಬೇರೆ ಯಾವ ಮಕ್ಕಳ ಕಥೆಯ ನಾಯಕನಿಗೂ ಸುಲಭವಾಗಿ ಸಿಕ್ಕಿಲ್ಲ. ಇದೇ ಕಾಮಿಕ್ಸಿನಲ್ಲಿ ಸಮುರಾಯ್ ಕವಚ ತೊಟ್ಟ ಮುಶಾ ಗಂಡಮ್ ಕೂಡ ಹುಟ್ಟಿಕೊಂಡಿತು. 1980ರ ದಶಕದ ಕೊನೆಗೆ ಅದು ಕುಳ್ಳ ಮೈಯ ಸಮುರಾಯ್ ಯಂತ್ರಮಾನವರ ದೊಡ್ಡ ವಂಶವೇ ಆಗಿ ಬೆಳೆಯಿತು.

ಜಿಯಾಂಗ್ ವಿಷಯವೂ ನನಗೆ ಬಹಳ ಇಷ್ಟ. ಟಿವಿ ಕಥೆಯ ಕೊನೆಯ ಯುದ್ಧಕ್ಕೆ ಶಾರ್ ಎಂಬ ಪ್ರತಿನಾಯಕ ಜಿಯಾಂಗ್ ಎಂಬ ಯಂತ್ರವನ್ನು ಏರುತ್ತಾನೆ. ಅದಕ್ಕೆ ಕಾಲುಗಳೇ ಇಲ್ಲ, ಕಟ್ಟುವ ಕೆಲಸ ಮುಗಿದಿಲ್ಲ. ಕಾಲು ಬರೀ ಅಲಂಕಾರಕ್ಕೆ, ಅದಿಲ್ಲದೆಯೂ ಕೆಲಸ ಸಾಗುತ್ತದೆ ಎಂಬರ್ಥದಲ್ಲಿ ತಂತ್ರಜ್ಞನೊಬ್ಬ ಸಮಜಾಯಿಷಿ ಕೊಡುತ್ತಾನೆ. ಕಾಲಿದ್ದಿದ್ದರೆ ಹೇಗಿರುತ್ತಿತ್ತು ಎಂದು ನೋಡಿದ ಹುಡುಗರೆಲ್ಲ ತಲೆ ಕೆಡಿಸಿಕೊಂಡಿರಬೇಕು. ಪ್ಲಾಮೋ ಕ್ಯೋಶಿರೋದಲ್ಲಿ ಅದಕ್ಕೆ ಕಾಲು ಜೋಡಿಸಿದ ಪರ್ಫೆಕ್ಟ್ ಜಿಯಾಂಗ್ ಎದುರಾಳಿಯಾಗಿ ಬರುತ್ತದೆ. ಮೂಲ ಕಥೆ ಅರ್ಧಕ್ಕೆ ಬಿಟ್ಟದ್ದನ್ನು ಮೇಜಿನ ಮೇಲೆ ಪೂರ್ತಿ ಮಾಡುವ ಹಕ್ಕು ಓದುಗನದು ಎನ್ನುವಂತಿದೆ ಅದು.

ಅದೇ 1982ರಲ್ಲಿ ಇನ್ನೊಂದು ಕಾಮಿಕ್ಸೂ ಶುರುವಾಗಿತ್ತು. ವೀಕ್ಲಿ ಶೋನೆನ್ ಚಾಂಪಿಯನ್ ಪತ್ರಿಕೆಯ ಪ್ಲಾರೆಸ್ ಸಾನ್‌ಶಿರೋ. ಅಲ್ಲಿ ಪುಟ್ಟ ಯಂತ್ರಮಾನವರು ಅಖಾಡಕ್ಕಿಳಿದು ನಿಜವಾಗಿಯೇ ಕುಸ್ತಿಯಾಡುತ್ತಾರೆ, ಹುಡುಗರು ಪಕ್ಕದಲ್ಲಿ ನಿಂತು ಗಣಕದ ಮೂಲಕ ನಡೆಸುತ್ತಾರೆ. ಮರುವರ್ಷ ಟಿವಿಗೂ ಬಂತು. ಚಿತ್ರಗಳಲ್ಲಿ ಅದು ಹೆಚ್ಚು ಚುರುಕು. ಆದರೆ ಅದರ ಯಂತ್ರಮಾನವರೊಳಗೆ ಇರುವ ಮೋಟಾರು, ಗಣಕಗಳು ಓದುಗನಿಗೆ ಅಂದು ಕೈಗೆಟುಕುವಂಥವಲ್ಲ. ಕ್ಯೋಶಿರೋ ಬಳಸುವುದೆಲ್ಲ ಮೂಲೆಯಂಗಡಿಯಲ್ಲೇ ಸಿಗುತ್ತಿತ್ತು.

ಈಗಿನವರಿಗೆ ಈ ಲೋಕದ ಪರಿಚಯ ಆಗುವುದು 2013ರ ಅಕ್ಟೋಬರ್‌ನಲ್ಲಿ ಶುರುವಾದ ಗಂಡಮ್ ಬಿಲ್ಡ್ ಫೈಟರ್ಸ್ ಎಂಬ 25 ಕಂತುಗಳ ಅನಿಮೆಯಿಂದ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿಯಿಂದ. ಪ್ಲಾವ್‌ಸ್ಕಿ ಎಂಬ ಕಲ್ಪಿತ ಕಣಗಳ ಬಲದಿಂದ ಮಾದರಿಗಳು ಜೀವಂತವಾಗಿ ಕಾದಾಡುತ್ತವೆ, ಪೆಟ್ಟು ಬಿದ್ದರೆ ನಿಜವಾಗಿಯೇ ಮುರಿಯುತ್ತವೆ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಮುರಿದ ಯಂತ್ರವನ್ನು ಮತ್ತೆ ಕಟ್ಟುವ ರಾತ್ರಿಗಳನ್ನು ಅದು ಪ್ರೀತಿಯಿಂದ ತೋರಿಸುತ್ತದೆ. ಆದರೂ ಒಂದು ತಕರಾರು ಇದೆ. ಅಲ್ಲಿ ಇಯೊರಿ ಸೆಯಿ ಎಂಬ ಹುಡುಗ ಅದ್ಭುತವಾಗಿ ಕಟ್ಟುತ್ತಾನೆ, ಕಾದಾಡಲು ಬಾರದು. ರೇಜಿ ಎಂಬವನು ಅದ್ಭುತವಾಗಿ ಕಾದಾಡುತ್ತಾನೆ, ಕಟ್ಟಲು ಬಾರದು. ಇಬ್ಬರ ಗೆಳೆತನಕ್ಕೆ ಇದರಿಂದ ಕಳೆ ಬಂದಿದೆ ನಿಜ. ಆದರೆ ಕಟ್ಟಿದ ಕೈ ಬೇರೆ, ಹೋರಾಡುವ ಕೈ ಬೇರೆ ಎಂದಾದ ಕ್ಷಣ ಕ್ಯೋಶಿರೋನ ಮುಖ್ಯ ಸಂಕಟವೊಂದು ಕೈತಪ್ಪುತ್ತದೆ. ಕ್ಯೋಶಿರೋ ರಣರಂಗದಲ್ಲಿ ಮುರಿಯಲಿರುವ ಕೀಲಿನ ಮೇಲೆ ಭಾರ ಹಾಕುವಾಗ ಅದು ಎಲ್ಲಿ, ಎಷ್ಟು ದುರ್ಬಲ ಎಂಬುದು ಅವನಿಗೆ ಮಾತ್ರ ಗೊತ್ತು. ಅಂಟಿಸಿದವನು ಅವನೇ. ತನ್ನ ಕೆಲಸದ ಒಳಗುಟ್ಟು ತಿಳಿದವನ ಆತಂಕ, ತನ್ನ ಕೆಲಸವನ್ನು ನಂಬಿದವನ ಧೈರ್ಯ, ಎರಡೂ ಒಂದೇ ಹುಡುಗನಲ್ಲಿ ಇರುವುದರಿಂದಲೇ ಆ ಕಾಳಗಗಳು ನನ್ನನ್ನು ಇಷ್ಟು ಹಿಡಿದಿಡುತ್ತವೆ.

ಮಾದರಿಗಳೂ ಬದಲಾದವು. 1990ರಲ್ಲಿ ಹೈ ಗ್ರೇಡ್ ಎಂಬ ಹೊಸ ಶ್ರೇಣಿಯ ಗಂಡಮ್ ಹಲವು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿ ಬಂತು, ಗೋಂದು ಬೇಡ, ಒತ್ತಿದರೆ ಟಕ್ಕನೆ ಕೂರುತ್ತದೆ. 1995ರಲ್ಲಿ ಮಾಸ್ಟರ್ ಗ್ರೇಡ್, 2010ರಲ್ಲಿ ರಿಯಲ್ ಗ್ರೇಡ್ ಎಂಬ ಶ್ರೇಣಿಗಳು ಬಂದವು. ಈಗ ಬೆಂಗಳೂರಿನಲ್ಲಿ ಕೊಂಡ ಪೆಟ್ಟಿಗೆಯೊಂದನ್ನು ಬಿಚ್ಚಿದರೆ ಮೊಣಕಾಲು ಪೂರ್ತಿ ಮಡಚುತ್ತದೆ, ಸೊಂಟ ತಿರುಗುತ್ತದೆ, ಜೋಡಣೆಯ ಗೆರೆಯನ್ನು ವಿನ್ಯಾಸಕಾರರೇ ಕವಚದ ಮಡಿಕೆಯಲ್ಲಿ ಬಚ್ಚಿಟ್ಟಿರುತ್ತಾರೆ. ಶಿಜುಒಕಾದ ಕಾರ್ಖಾನೆಯ ಅಚ್ಚು ತಯಾರಿಸುವವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಇದರಿಂದಾಗಿ ಒಂಬತ್ತು ವರ್ಷದ ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಚೆಂದದ ಯಂತ್ರಮಾನವನನ್ನು ನಿಲ್ಲಿಸಬಲ್ಲಳು, ಅದು ಸಣ್ಣ ಸಂಗತಿಯಲ್ಲ. ಆದರೆ ತಿದ್ದಲು ಏನೂ ಉಳಿಯದಷ್ಟು ಚೆನ್ನಾಗಿರುವ ವಸ್ತುವಿಗೆ ಗರಗಸ ಇಡಲು ಧೈರ್ಯ ಮಾತ್ರ ಸಾಲದು, ಮನಸ್ಸಿನಲ್ಲಿ ಮೊದಲು ಬೇರೊಂದು ಆಕಾರ ಹುಟ್ಟಬೇಕು. ಹಿಂದೆ ಕೊರತೆಯೇ ಕೈಹಿಡಿದು ನಡೆಸುತ್ತಿತ್ತು. ಈಗ ಮಕ್ಕಳಿಗೆ ಆ ಮೊದಲ ತಳ್ಳು ಎಲ್ಲಿಂದ ಸಿಗುತ್ತದೆ ಎಂದು ಯೋಚಿಸುತ್ತೇನೆ. ಬಹುಶಃ ಇಂಥ ಕಥೆಗಳಿಂದಲೇ.

ಹಳೆಯ ಎಳೆ ಕಡಿದಿಲ್ಲ ಎಂಬುದಕ್ಕೆ ಗುರುತುಗಳಿವೆ. ಸ್ಟ್ರೀಮ್ ಬೇಸ್ ಗುಂಪಿನಲ್ಲಿದ್ದ ಕವಾಗುಚಿ ಕತ್ಸುಮಿ 1985ರಲ್ಲಿ ಬಂದಾಯ್ ಸೇರಿ, ಮುಂದೆ ಗನ್‌ಪ್ಲಾ ಲೋಕದಲ್ಲಿ ಮೇಯ್ಜಿನ್, ಅಂದರೆ ನಿಪುಣ, ಎಂಬ ಬಿರುದಿನಿಂದಲೇ ಹೆಸರಾದರು. ಬಿಲ್ಡ್ ಫೈಟರ್ಸ್ ಕಥೆಯಲ್ಲಿ ಮೇಯ್ಜಿನ್ ಕವಾಗುಚಿ ಎಂಬುದು ಶ್ರೇಷ್ಠ ಮಾದರಿಕಾರನಿಗೆ ಸಲ್ಲುವ ಪಟ್ಟ. ಆ ಪಟ್ಟದ ಮೂರನೆಯವನಾದ ಯೂಕಿ ತತ್ಸುಯಾನ ಬಳಿ ಅಮೇಜಿಂಗ್ ರೆಡ್ ವಾರಿಯರ್ ಎಂಬ ಯಂತ್ರವಿದೆ. ಅದರ ಮೂಲ ಕ್ಯೋಶಿರೋನ ರೆಡ್ ವಾರಿಯರ್, ಅಂದರೆ ಪರ್ಫೆಕ್ಟ್ ಗಂಡಮ್‌ನ ಮೂರನೆಯ ಅವತಾರ. ಒಂದು ಕಾಲದಲ್ಲಿ ಕವಾಗುಚಿ ಅವರ ಗುಂಪು ಕಲ್ಪಿತ ಹುಡುಗನಿಗೆ ಕೈಕೆಲಸ ಕಲಿಸಿತು. ಮೂವತ್ತು ವರ್ಷಗಳ ನಂತರ ಅವರ ಹೆಸರು ಹೊತ್ತ ಕಲ್ಪಿತ ಪಾತ್ರ ಆ ಹುಡುಗನ ಯಂತ್ರವನ್ನು ಏರುತ್ತದೆ. ಈ ಸುತ್ತು ತಿಳಿದ ದಿನ ನಾನು ಕುರ್ಚಿ ಬಿಟ್ಟೆದ್ದು ಕೋಣೆಯಲ್ಲಿ ಓಡಾಡಿದ್ದೆ.

ಓದಲು ಹೊರಡುವವರಿಗೆ ಎರಡು ಮಾತು. ಚಿತ್ರಗಳು 1980ರ ದಶಕದ ಮಕ್ಕಳ ಪತ್ರಿಕೆಯವು, ಈಗಿನ ನಯ ನಿರೀಕ್ಷಿಸಬೇಡಿ. ಮುಖಗಳು ದುಂಡಗೆ, ಕಣ್ಣೀರು ಕೊಡಗಟ್ಟಲೆ, ಕೂಗು ಪುಟ ತುಂಬ. ಯಂತ್ರಗಳನ್ನು ಬಿಡಿಸುವಾಗ ಮಾತ್ರ ಯಮಾತೊ ಅವರ ಗೆರೆ ಗಂಭೀರವಾಗುತ್ತದೆ. ಜತೆಗೆ ಸಾಧ್ಯವಾದರೆ ಹಳೆಯ 144ರ ಅಳತೆಯ ಗಂಡಮ್ ಒಂದನ್ನೂ ತರಿಸಿಕೊಳ್ಳಿ. ಆ ಮಾದರಿಯನ್ನು ಕಾರ್ಖಾನೆ ಈಗಲೂ ಆಗಾಗ ತಯಾರಿಸುತ್ತದೆ, ಗನ್‌ಪ್ಲಾಗಳಲ್ಲೇ ಅತಿ ಅಗ್ಗದವುಗಳಲ್ಲಿ ಅದೂ ಒಂದು. ಮೊದಲು ಪೆಟ್ಟಿಗೆಯಲ್ಲಿ ಹೇಳಿದಂತೆ ಕಟ್ಟಿ ನಿಲ್ಲಿಸಿ. ಆಮೇಲೆ ಕಾಮಿಕ್ಸಿನ ಯಾವುದಾದರೂ ಕಾಳಗದ ಪುಟ ತೆರೆದು, ಅದರಲ್ಲಿ ಗಂಡಮ್ ನಿಂತ ಭಂಗಿಯಲ್ಲೇ ನಿಮ್ಮದನ್ನೂ ನಿಲ್ಲಿಸಲು ನೋಡಿ. ನಿಲ್ಲುವುದಿಲ್ಲ. ಸೊಂಟದ ಅಡ್ಡಕಡ್ಡಿಯನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ನಾನು ಹೇಳುವುದಿಲ್ಲ, ಎರಡು ನಿಮಿಷ ತಿರುಗಿಸಿ ನೋಡಿದರೆ ನಿಮಗೇ ಹೊಳೆಯುತ್ತದೆ.